ಜೀವಂತ ದಾನಿಯಿಂದ ಲಿವರ್ ಕಸಿ: ವಯಸ್ಕರಲ್ಲಿ ಬರುವ ತೊಡಕುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಸಿಗೆ ಮುಂಚೆ ಮನೆಯವರು ಕೇಳುವ ಪ್ರಶ್ನೆಗಳೇ ಬೇರೆ, ವಾರ್ಡಿಗೆ ಬಂದ ಮೇಲೆ ಕೇಳುವವೇ ಬೇರೆ, ಊರಿಗೆ ಹೋಗಿ ಮೂರು ತಿಂಗಳಾದ ಮೇಲೆ ಫೋನಿನಲ್ಲಿ ಕೇಳುವವೇ ಬೇರೆ. ಮೂರನ್ನೂ ಇಲ್ಲಿ ಸೇರಿಸಿದ್ದೇವೆ. ಔಷಧದ ಪ್ರಮಾಣಗಳನ್ನು ಬರೆದಿರುವುದು ನಿಮ್ಮ ಚೀಟಿಯಲ್ಲಿ ಏನಿದೆ, ಯಾಕಿದೆ ಎಂದು ತಿಳಿಯಲಿ ಎಂದು. ನೀವೇ ಹೆಚ್ಚು ಕಡಿಮೆ ಮಾಡಿಕೊಳ್ಳಲು ಅಲ್ಲ.

ಮಿದುಳು ನಿಷ್ಕ್ರಿಯವಾದವರ ಲಿವರ್ ಹಾಕುವುದಕ್ಕೂ ಮನೆಯವರದ್ದು ಹಾಕುವುದಕ್ಕೂ ತೊಡಕಿನಲ್ಲಿ ಏನು ವ್ಯತ್ಯಾಸ?

ಮೊದಲನೆಯದರಲ್ಲಿ ಸಾಮಾನ್ಯವಾಗಿ ಇಡೀ ಲಿವರ್ ಸಿಗುತ್ತದೆ. ರಕ್ತನಾಳ, ಪಿತ್ತನಾಳಗಳ ದಪ್ಪ ಬುಡವೂ ಜೊತೆಗೇ ಬರುತ್ತದೆ. ಜೀವಂತ ದಾನಿಯಿಂದ ಬರುವುದು ಒಂದು ಭಾಗ ಮಾತ್ರ. ವಯಸ್ಕರಿಗೆ ಹೆಚ್ಚಾಗಿ ಬಲಭಾಗವನ್ನೇ ಹಾಕುತ್ತಾರೆ. ಅದು ಇಡೀ ಲಿವರಿನ ಸುಮಾರು 60ರಿಂದ 65 ಪ್ರತಿಶತ. ನಾಳಗಳ ಬುಡ ದಾನಿಯಲ್ಲೇ ಉಳಿಯಬೇಕಾದ್ದರಿಂದ ನಮ್ಮ ಕೈಗೆ ಸಿಗುವುದು ಕೊಂಬೆಗಳು: 2–3 ಮಿ.ಮೀ. ಅಗಲದ ಶುದ್ಧರಕ್ತನಾಳ, ಹೆಚ್ಚುಕಡಿಮೆ ಅಷ್ಟೇ ಸಣ್ಣ ಪಿತ್ತನಾಳ. ಎಷ್ಟೋ ಸಲ ಪಿತ್ತನಾಳದ ಬಾಯಿ ಒಂದಲ್ಲ, ಎರಡೋ ಮೂರೋ ಇರುತ್ತವೆ. ಮುಂದೆ ಓದುವ ತೊಡಕುಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಎರಡು ಸಂಗತಿಗಳಿಂದ: ಗಾತ್ರ ಚಿಕ್ಕದು, ನಾಳ ಸಣ್ಣದು. ಜೊತೆಗೆ, ಆರೋಗ್ಯವಾಗಿದ್ದ ಇನ್ನೊಬ್ಬರೂ ಆಪರೇಷನ್ ಟೇಬಲ್ ಮೇಲೆ ಮಲಗುತ್ತಾರೆ.

ಅನುಕೂಲವೂ ಇದೆ. ದಿನ ಗೊತ್ತುಮಾಡಿ ಮಾಡಬಹುದು, ರೋಗಿ ತೀರಾ ಹದಗೆಡುವ ತನಕ ಕಾಯಬೇಕಿಲ್ಲ, ತುಂಡು ಐಸಿನಲ್ಲಿ ಇರುವ ಹೊತ್ತು ತೀರಾ ಕಡಿಮೆ. 1989ರಲ್ಲಿ ಬ್ರಿಸ್ಬೇನ್‌ನಲ್ಲಿ ಮೊದಲ ಬಾರಿ ಯಶಸ್ವಿಯಾದದ್ದು ಮಗುವಿನಲ್ಲಿ, ತಾಯಿ ಕೊಟ್ಟ ತುಂಡಿನಿಂದ. ವಯಸ್ಕರಿಗೆ 1993ರಲ್ಲಿ ಜಪಾನಿನ ಮಾತ್ಸುಮೊಟೊದಲ್ಲಿ ಎಡಭಾಗ ಹಾಕಿದರು. ದೊಡ್ಡ ಮೈಯವರಿಗೆ ಎಡಭಾಗ ಸಾಲದೆಂದು 90ರ ದಶಕದ ನಡುವಿನಲ್ಲಿ ಹಾಂಗ್‌ಕಾಂಗ್‌ನವರು ವಯಸ್ಕರಲ್ಲಿ ಬಲಭಾಗಕ್ಕೆ ಕೈಹಾಕಿದರು. ಅಲ್ಲಿಂದ ರೋಗಿಯ ಅಪಾಯ ಇಳಿಯಿತು, ದಾನಿಯ ಅಪಾಯ ಏರಿತು. ಈ ತಕ್ಕಡಿ ಇವತ್ತಿಗೂ ಹಾಗೇ ಇದೆ.

ದಾನಿಯ ಜೀವಕ್ಕೆ ಅಪಾಯ ಇದೆಯಾ? ನೇರವಾಗಿ ಹೇಳಿ.

ಇದೆ. ಬಲಭಾಗ ಕೊಡುವವರಲ್ಲಿ ಸಾವಿನ ಪ್ರಮಾಣ ಸಾವಿರಕ್ಕೆ ಎರಡರಿಂದ ಐದು ಎಂದು, ಎಡಭಾಗ ಕೊಡುವವರಲ್ಲಿ ಸಾವಿರಕ್ಕೆ ಸುಮಾರು ಒಂದು ಎಂದು ಲೆಕ್ಕ ಹಿಡಿಯುತ್ತಾರೆ. "ಏನೂ ಆಗಲ್ಲ, ಒಂದು ವಾರದಲ್ಲಿ ಮನೆಗೆ" ಎಂದು ಯಾರಾದರೂ ದಾನಿಗೆ ಹೇಳಿದರೆ ಅದು ಅರ್ಧಸತ್ಯ. ವಾರದಲ್ಲಿ ಮನೆಗೆ ಹೋಗುವವರೇ ಹೆಚ್ಚು, ಆದರೆ ಸಣ್ಣದೋ ದೊಡ್ಡದೋ ಏನಾದರೊಂದು ತೊಡಕು ಮೂರರಿಂದ ಐದು ಮಂದಿಯಲ್ಲಿ ಒಬ್ಬರಿಗಾದರೂ ಬರುತ್ತದೆ. ಬಹುಪಾಲು ಸಣ್ಣವು: ಗಾಯದಲ್ಲಿ ಕೀವು, ಎದೆಯ ಬಲಬದಿಯಲ್ಲಿ ನೀರು, ಜ್ವರ, ವಾಕರಿಕೆ, ಗಂಟೆಗಟ್ಟಲೆ ಕೈಚಾಚಿ ಮಲಗಿದ್ದರಿಂದ ತೋಳಿನ ಜೋಮು. ಇನ್ನೊಂದು ಆಪರೇಷನ್ನೋ ಎಂಡೋಸ್ಕೋಪಿಯೋ ಬೇಕಾಗುವವು ಕಡಿಮೆ. ಅವುಗಳಲ್ಲಿ ಮುಖ್ಯವಾದದ್ದು ಕತ್ತರಿಸಿದ ಮೇಲ್ಮೈಯಿಂದ ಪಿತ್ತ ಸೋರುವುದು. ಡ್ರೇನ್ ಪೈಪು ಇನ್ನಷ್ಟು ದಿನ ಇಟ್ಟರೆ ಹೆಚ್ಚಿನವು ತಾವಾಗೇ ನಿಲ್ಲುತ್ತವೆ.

ನಾವು ನಿಜವಾಗಿ ಹೆದರುವುದು ಎರಡಕ್ಕೆ. ಒಂದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಗೆಡ್ಡೆಯಾಗಿ ಅದು ಶ್ವಾಸಕೋಶಕ್ಕೆ ಹೋಗಿ ಕೂರುವುದು. ಗರ್ಭನಿರೋಧಕ ಮಾತ್ರೆಯನ್ನು ಕನಿಷ್ಠ ಒಂದು ತಿಂಗಳು ಮುಂಚೆ ನಿಲ್ಲಿಸಿ ಎನ್ನುವುದು, ಸಿಗರೇಟು ಬಿಡಿ ಎನ್ನುವುದು, ಆಪರೇಷನ್ನಿನ ಮರುದಿನವೇ ನೋವಿದ್ದರೂ ಎಬ್ಬಿಸಿ ನಡೆಸುವುದು ಅದಕ್ಕೇ. ಎರಡು, ಉಳಿದ ಲಿವರ್ ಸಾಲದೆ ಹೋಗುವುದು.

ದಾನಿಯ ಬಿಲಿರುಬಿನ್ (ಕಾಮಾಲೆಯ ಅಳತೆ), ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬ ಅಳತೆ) ಮೊದಲ ಎರಡು ಮೂರು ದಿನ ಏರುತ್ತವೆ, ಕಣ್ಣು ಸ್ವಲ್ಪ ಹಳದಿ ಕಾಣಬಹುದು. ಆಮೇಲೆ ಇಳಿಯಲೇಬೇಕು. ನಾಲ್ಕನೇ ದಿನದ ನಂತರವೂ ಏರುತ್ತಲೇ ಇದ್ದರೆ ಕಾರಣ ಹುಡುಕಬೇಕು. ರಂಜಕದ ಅಂಶ ಕುಸಿಯುವುದೂ ಮಾಮೂಲು. ಹೊಸ ಜೀವಕೋಶಗಳು ಅದನ್ನು ಬಳಸಿಕೊಳ್ಳುತ್ತವೆ.

ಒಪ್ಪಿ ಬಂದ ತಮ್ಮನನ್ನೇ "ಬೇಡ" ಎಂದು ಕಳಿಸಿದರು. ಯಾಕೆ?

ಕಾರಣ ಬಹುಪಾಲು ಈ ಮೂರರಲ್ಲೊಂದು. ಸಿ.ಟಿ. ಸ್ಕ್ಯಾನಿನಲ್ಲಿ ಅಳೆದಾಗ ತಮ್ಮನಲ್ಲಿ ಉಳಿಯುವುದು ಇಡೀ ಲಿವರಿನ 30 ಪ್ರತಿಶತಕ್ಕಿಂತ ಕಡಿಮೆ ಬಂದಿರಬಹುದು. 35 ಇದ್ದರೆ ನೆಮ್ಮದಿ, 30 ಕೊನೆಯ ಗೆರೆ. ಅಥವಾ ಲಿವರಿನಲ್ಲಿ ಕೊಬ್ಬು ಇರಬಹುದು. ಕೊಬ್ಬು ತುಂಬಿದ ಲಿವರ್ ಅಳತೆಯಲ್ಲಿ ದೊಡ್ಡದು, ಕೆಲಸದಲ್ಲಿ ಚಿಕ್ಕದು. ಇದನ್ನು ಸರಿಪಡಿಸಬಹುದು: ಅನ್ನ, ಸಿಹಿ, ಎಣ್ಣೆ ಇಳಿಸಿ, ದಿನಾ ಬಿರುಸಾಗಿ ನಡೆದು ಆರೇಳು ಕೆ.ಜಿ. ಕಳೆದು ಒಂದೆರಡು ತಿಂಗಳಲ್ಲಿ ಮತ್ತೆ ಬಂದು ಪಾಸಾದವರು ಎಷ್ಟೋ ಮಂದಿ. ಮೂರನೆಯದು ನಾಳಗಳ ಕವಲು. ಇದು ಹುಟ್ಟಿನಿಂದ ಬಂದದ್ದು, ನಡೆದು ಸರಿಹೋಗುವುದಲ್ಲ.

ನಾಲ್ಕನೆಯ ಕಾರಣವೂ ಉಂಟು, ಅದನ್ನು ಹೊರಗೆ ಹೇಳುವುದಿಲ್ಲ. ದಾನಿಯೊಬ್ಬರನ್ನೇ ಕೂರಿಸಿ ಮಾತಾಡಿಸಿದಾಗ "ಮನೆಯವರ ಒತ್ತಾಯಕ್ಕೆ ಬಂದೆ" ಎಂದರೆ, ಅಲ್ಲಿಗೆ ಮುಗಿಯಿತು. ಮನೆಯವರಿಗೆ "ದೇಹ ಹೊಂದಲಿಲ್ಲ" ಎಂದಷ್ಟೇ ತಿಳಿಸುವುದು ರೂಢಿ. ಕೊನೆಯ ಕ್ಷಣದಲ್ಲೂ ಹಿಂದೆ ಸರಿಯುವ ಹಕ್ಕು ದಾನಿಗಿದೆ.

ಕೊಟ್ಟ ಭಾಗ ಮತ್ತೆ ಬೆಳೆಯುತ್ತಾ? ಪಿತ್ತಕೋಶವನ್ನೂ ಯಾಕೆ ತೆಗೆದರು?

ಕತ್ತರಿಸಿದ ಬಲಭಾಗ ಚಿಗುರುವುದಿಲ್ಲ. ಉಳಿದ ಎಡಭಾಗವೇ ಊದಿ ದೊಡ್ಡದಾಗುತ್ತದೆ. ಮೊದಲ ಎರಡು ತಿಂಗಳಲ್ಲಿ ಬೆಳವಣಿಗೆ ಅತಿ ವೇಗ, ವರ್ಷದ ಹೊತ್ತಿಗೆ ಹಳೆಯ ಗಾತ್ರದ ಹತ್ತಿರಕ್ಕೆ ಬರುತ್ತದೆ. ಆಕಾರ ಮಾತ್ರ ಬೇರೆ. ಪಿತ್ತಕೋಶ ಕೂತಿರುವುದೇ ಬಲ–ಎಡ ಭಾಗಗಳ ಗಡಿಯಲ್ಲಿ, ಅದನ್ನು ತೆಗೆಯದೆ ಕತ್ತರಿಸಲು ದಾರಿಯಿಲ್ಲ. ಅದಿಲ್ಲದೆ ಬದುಕಬಹುದು, ಕೆಲವರಿಗೆ ಎಣ್ಣೆ ಪದಾರ್ಥ ತಿಂದಾಗ ಕೆಲವು ತಿಂಗಳು ಭೇದಿಯಾಗುತ್ತದೆ.

ಕುರ್ಚಿ ಕೆಲಸದವರು ನಾಲ್ಕರಿಂದ ಆರು ವಾರಕ್ಕೆ ಕೆಲಸಕ್ಕೆ ಹೋಗಬಹುದು. ಮೂಟೆ ಹೊರುವವರು, ತೋಟದ ಕೆಲಸದವರು ಮೂರು ತಿಂಗಳು ಭಾರ ಎತ್ತಬಾರದು, ಎತ್ತಿದರೆ ಗಾಯದ ಜಾಗದಲ್ಲಿ ಹರ್ನಿಯಾ ಬರುತ್ತದೆ. ದಾನಿಗೆ ಜೀವನವಿಡೀ ಮಾತ್ರೆ ಬೇಕಿಲ್ಲ.

"ತುಂಡು ಚಿಕ್ಕದಾಯಿತು" ಎಂದರೇನು?

ರೋಗಿಯ ತೂಕದ ಕನಿಷ್ಠ 0.8 ಪ್ರತಿಶತದಷ್ಟು ಲಿವರ್ ಬೇಕೆನ್ನುವುದು ಸಾಮಾನ್ಯ ಲೆಕ್ಕ. 70 ಕೆ.ಜಿ. ಇದ್ದರೆ 560 ಗ್ರಾಂ. ಹೊಟ್ಟೆಯ ನೀರು ಸೇರಿಸಿ ತೂಗಿದರೆ ಲೆಕ್ಕ ತಪ್ಪುತ್ತದೆ. ನೀರು ಕಳೆದ ತೂಕ ಹಿಡಿಯಬೇಕು. ಸ್ಕ್ಯಾನಿನ ಅಂದಾಜಿಗೂ ತಕ್ಕಡಿಯ ತೂಕಕ್ಕೂ ಹತ್ತು ಪ್ರತಿಶತ ಹೆಚ್ಚುಕಡಿಮೆ ಆಗುವುದುಂಟು.

ಗ್ರಾಂ ಒಂದೇ ವಿಷಯವಲ್ಲ. ವರ್ಷಗಟ್ಟಲೆ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವುದು) ಇದ್ದವರಲ್ಲಿ ಗುಲ್ಮ (ಸ್ಪ್ಲೀನ್) ಊದಿ, ಕರುಳಿನ ಕಡೆಯಿಂದ ಬರುವ ಪೋರ್ಟಲ್ ರಕ್ತದ ಹರಿವು ವಿಪರೀತ ಆಗಿರುತ್ತದೆ. ಅದೆಲ್ಲ ಈಗ ಚಿಕ್ಕ ತುಂಡಿನೊಳಗೇ ಹರಿಯಬೇಕು. ಕೋಡಿ ಬಿದ್ದ ಕೆರೆಯ ನೀರನ್ನೆಲ್ಲ ಒಂದೇ ತೂಬಿಗೆ ಬಿಟ್ಟ ಹಾಗೆ. ಒತ್ತಡಕ್ಕೆ ಒಳಗಿನ ಸೂಕ್ಷ್ಮನಾಳಗಳು ಒಡೆಯುತ್ತವೆ, ಜೊತೆಗೆ ಶುದ್ಧರಕ್ತನಾಳ ತಾನಾಗಿ ಬಿಗಿದುಕೊಂಡು ಅದರ ಹರಿವೂ ಇಳಿಯುತ್ತದೆ. ವಾರ ಕಳೆದರೂ ಕಾಮಾಲೆ ಇಳಿಯದು, ಡ್ರೇನ್‌ನಲ್ಲಿ ದಿನಕ್ಕೆ ಲೀಟರಿಗಿಂತ ಹೆಚ್ಚು ನೀರು, ಐಎನ್‌ಆರ್ ಸರಿಹೋಗದು, ರೋಗಿಗೆ ಮಂಪರು. ಹಿಂದೆಯೇ ಸೋಂಕು ಹತ್ತುತ್ತದೆ. ಸಾವು ಬಂದರೆ ಬಹುಪಾಲು ಆ ಸೋಂಕಿನಿಂದಲೇ.

ಆದ್ದರಿಂದ ತುಂಡು ಹಾಕಿದ ಕೂಡಲೇ ಟೇಬಲ್ ಮೇಲೇ ಪೋರ್ಟಲ್ ಒತ್ತಡ ಅಳೆಯುತ್ತಾರೆ. 15 ಮಿ.ಮೀ. ಪಾದರಸಕ್ಕಿಂತ ಹೆಚ್ಚಿದ್ದರೆ ಗುಲ್ಮದ ರಕ್ತನಾಳ ಕಟ್ಟುವುದು, ಕೆಲವೊಮ್ಮೆ ಗುಲ್ಮವನ್ನೇ ತೆಗೆಯುವುದು, ಇಲ್ಲವೇ ಸ್ವಲ್ಪ ರಕ್ತವನ್ನು ಬೇರೆ ದಾರಿಗೆ ತಿರುಗಿಸುವುದು. ಹೀಗೆ ಹರಿವು ಪಳಗಿಸಲು ಕಲಿತ ಮೇಲೆ ರೋಗಿಯ ತೂಕದ 0.6 ಪ್ರತಿಶತದವರೆಗಿನ ತುಂಡನ್ನೂ ಆಯ್ದ ರೋಗಿಗಳಿಗೆ ಹಾಕುತ್ತಾರೆ. ಇನ್ನೊಂದು ಎಚ್ಚರ ಹೊರಹರಿವಿನದು. ಬಲಭಾಗದ ಮುಂದಿನ ಅರ್ಧದ ರಕ್ತ ನಡುವಿನ ಸಿರೆಗೆ ಹೋಗುತ್ತದೆ, ಆ ಸಿರೆ ಸಾಮಾನ್ಯವಾಗಿ ದಾನಿಯಲ್ಲೇ ಉಳಿಯುತ್ತದೆ. ಕೃತಕ ನಾಳ ಹೊಲಿದು ಆ ಕವಲುಗಳಿಗೆ ದಾರಿ ಮಾಡದಿದ್ದರೆ ಅಷ್ಟು ಭಾಗ ರಕ್ತ ಕಟ್ಟಿ ಊದುತ್ತದೆ. ತೂಕದಲ್ಲಿ ಇದೆ, ಲೆಕ್ಕಕ್ಕಿಲ್ಲ.

ಮೊದಲ ವಾರ ದಿನಾ ಡಾಪ್ಲರ್ ಸ್ಕ್ಯಾನ್ ಯಾಕೆ ಮಾಡುತ್ತಾರೆ?

ಶುದ್ಧರಕ್ತನಾಳದಲ್ಲಿ ಗೆಡ್ಡೆ ಕಟ್ಟಿದೆಯಾ ಎಂದು ನೋಡಲು. 2 ಮಿ.ಮೀ. ನಾಳವನ್ನು ಸೂಕ್ಷ್ಮದರ್ಶಕ ಅಥವಾ ದಪ್ಪ ಲೂಪ್ ಕನ್ನಡಕದ ಕೆಳಗೆ ಕೂದಲಿಗಿಂತ ತೆಳುವಾದ ದಾರದಲ್ಲಿ ಹೊಲಿದಿರುತ್ತಾರೆ. ನೂರಕ್ಕೆ ಎರಡರಿಂದ ಐದು ಮಂದಿಯಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಮೊದಮೊದಲು ರೋಗಿಗೆ ಏನೂ ಗೊತ್ತಾಗದು, ರಕ್ತ ಪರೀಕ್ಷೆಯಲ್ಲಿ ಎಎಸ್‌ಟಿ, ಎಎಲ್‌ಟಿ (ಲಿವರ್ ಕೋಶಗಳಿಗೆ ಪೆಟ್ಟಾದರೆ ಏರುವ ಅಂಕಿಗಳು) ಹಾರುವ ಹೊತ್ತಿಗೆ ತಡವಾಗಿರಬಹುದು. ಗಂಟೆಗಳೊಳಗೆ ಸಿಕ್ಕಿದರೆ ಮತ್ತೆ ತೆರೆದು ಹೊಲಿಯಬಹುದು, ಅಥವಾ ತೊಡೆಯ ನಾಳದ ಮೂಲಕ ಹೋಗಿ ಗೆಡ್ಡೆ ಕರಗಿಸಬಹುದು. ತಪ್ಪಿದರೆ ಪಿತ್ತನಾಳಗಳು ಕೊಳೆಯುತ್ತವೆ, ಲಿವರಿನಲ್ಲಿ ಕೀವು ತುಂಬುತ್ತದೆ, ಇನ್ನೊಂದು ಕಸಿಯೇ ಬೇಕಾಗುತ್ತದೆ. ಆಗ ಇನ್ನೊಬ್ಬ ಜೀವಂತ ದಾನಿ ಸಿಗುವುದು ದುರ್ಲಭವಾದ್ದರಿಂದ ಮಿದುಳು ನಿಷ್ಕ್ರಿಯರಾದವರ ಅಂಗಕ್ಕೆ ಕಾಯಬೇಕು. ಕರ್ನಾಟಕದಲ್ಲಿ ಆ ಹಂಚಿಕೆ ನೋಡಿಕೊಳ್ಳುವುದು ಜೀವಸಾರ್ಥಕತೆ ಎಂಬ ಸರ್ಕಾರಿ ಸಂಸ್ಥೆ.

ಪೋರ್ಟಲ್ ನಾಳ ಮುಚ್ಚುವುದು ಇನ್ನೂ ಅಪರೂಪ. ಕಸಿಗೆ ಮೊದಲೇ ಅಲ್ಲಿ ಗೆಡ್ಡೆ ಇದ್ದವರಲ್ಲಿ ಭಯ ಜಾಸ್ತಿ.

ಪಿತ್ತನಾಳದ ತೊಂದರೆಯೇ ಯಾಕೆ ಇಷ್ಟು ಮಂದಿಗೆ?

ಜೀವಂತ ದಾನಿಯ ಕಸಿಯಲ್ಲಿ ಬಹಳ ಕಾಡುವುದು ಇದೇ. ನೂರಕ್ಕೆ 15ರಿಂದ 30 ಮಂದಿ ಒಂದಲ್ಲ ಒಂದು ಬಗೆಯಲ್ಲಿ ಅನುಭವಿಸುತ್ತಾರೆ. ಲಿವರಿನ ಜೀವಕೋಶಗಳಿಗೆ ಎರಡು ಕಡೆಯಿಂದ ರಕ್ತ, ಆದರೆ ಪಿತ್ತನಾಳಕ್ಕೆ ಶುದ್ಧರಕ್ತನಾಳ ಒಂದೇ ಗತಿ. ದಾನಿಯಿಂದ ಬಿಡಿಸುವಾಗ ಸುತ್ತಲಿನ ಪದರ ಸ್ವಲ್ಪ ಹೆಚ್ಚು ಕೆರೆದರೂ ತುದಿ ಒಣಗುತ್ತದೆ. ಒಣಗಿದ ತುದಿ ಬೇಗ ಬಿಟ್ಟುಕೊಂಡರೆ ಸೋರಿಕೆ. ನಿಧಾನವಾಗಿ ಗಾಯದ ಕಲೆ ಕಟ್ಟಿ ಬಿಗಿದರೆ ಕಿರಿದಾಗುವಿಕೆ. ಬಾಯಿ ಎರಡು ಮೂರಿದ್ದರೆ ಹೊಲಿಗೆಯೂ ಎರಡು ಮೂರು, ಅಪಾಯವೂ ಅಷ್ಟು ಪಟ್ಟು.

ಸೋರಿಕೆ ಬರುವುದು ಮೊದಲ ತಿಂಗಳೊಳಗೆ. ಹುಲ್ಲಿನ ಬಣ್ಣದ ಡ್ರೇನ್ ನೀರು ಹಸಿರು–ಹಳದಿಗೆ ತಿರುಗುತ್ತದೆ. ಅನುಮಾನವಿದ್ದರೆ ಡ್ರೇನ್ ನೀರಿನ ಬಿಲಿರುಬಿನ್ ಅಳೆಯುತ್ತಾರೆ: ಮೂರನೇ ದಿನದ ನಂತರ ಅದು ರಕ್ತದಲ್ಲಿರುವುದರ ಮೂರು ಪಟ್ಟು ಅಥವಾ ಹೆಚ್ಚು ಇದ್ದರೆ ಅದು ಪಿತ್ತ. ಡ್ರೇನ್ ತೆಗೆದ ಮೇಲೆ ಸೋರಿದರೆ ಹೊಟ್ಟೆನೋವು, ಜ್ವರ, ಬಲ ಭುಜದ ನೋವು. ಹೊರಗಿನಿಂದ ಸ್ಕ್ಯಾನ್ ನೋಡುತ್ತ ಸೂಜಿ ಹಾಕಿ ಪೈಪು ಇಡುತ್ತಾರೆ. ನಿಲ್ಲದಿದ್ದರೆ ಇಆರ್‌ಸಿಪಿ (ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ಪಿತ್ತನಾಳ ತಲುಪುವುದು) ಮಾಡಿ ಸ್ಟೆಂಟ್, ಅಂದರೆ ನಾಳದೊಳಗೆ ಸಣ್ಣ ಕೊಳವೆ.

ಕಿರಿದಾಗುವುದು ಹೆಚ್ಚಾಗಿ ಮೂರರಿಂದ ಹನ್ನೆರಡು ತಿಂಗಳ ನಡುವೆ, "ಎಲ್ಲ ಮುಗಿಯಿತು" ಎಂದು ಊರಿಗೆ ಹೋದ ಮೇಲೆ. ಮೊದಲ ಸೂಚನೆ ಕಣ್ಣಿನ ಹಳದಿಯಲ್ಲ. ರಿಪೋರ್ಟಿನಲ್ಲಿ ಎಎಲ್‌ಪಿ, ಜಿಜಿಟಿ (ಪಿತ್ತದ ಹರಿವಿಗೆ ಅಡ್ಡಿಯಾದರೆ ಹೆಚ್ಚುವ ಅಂಕಿಗಳು) ಏರುತ್ತವೆ, ರಾತ್ರಿ ಮೈ ತುರಿಸುತ್ತದೆ. ಆಮೇಲೆ ಮೂತ್ರ ಕಂದು, ಮಲ ಬಿಳಿಚಿದ ಬಣ್ಣ. ಚಳಿ ನಡುಗಿ ಜ್ವರ ಬಂದರೆ ಕಟ್ಟಿಕೊಂಡ ಪಿತ್ತಕ್ಕೆ ಸೋಂಕು ತಗುಲಿದೆ ಎಂದರ್ಥ, ಅದು ತುರ್ತು. ಒಂದು ಬಲೆ ಇದೆ: ಊರಿನಲ್ಲಿ ಅಲ್ಟ್ರಾಸೌಂಡ್ ಮಾಡಿಸಿದರೆ "ನಾಳ ಹಿಗ್ಗಿಲ್ಲ, ನಾರ್ಮಲ್" ಎಂದು ಬರಬಹುದು. ಕಸಿ ಲಿವರಿನಲ್ಲಿ ಅಡ್ಡಿ ಇದ್ದರೂ ನಾಳ ಹಿಗ್ಗದೆ ಇರುವುದುಂಟು. ಎಂಆರ್‌ಸಿಪಿ (ಪಿತ್ತನಾಳದ ಎಂಆರ್‌ಐ ಸ್ಕ್ಯಾನ್) ಬೇಕು.

ಚಿಕಿತ್ಸೆಗೆ ತಾಳ್ಮೆ ಬೇಕು. ಇಆರ್‌ಸಿಪಿಯಲ್ಲಿ ಬಲೂನು ಹಾಕಿ ಹಿಗ್ಗಿಸಿ ಪ್ಲಾಸ್ಟಿಕ್ ಸ್ಟೆಂಟ್ ಇಟ್ಟು, ಸುಮಾರು ಮೂರು ತಿಂಗಳಿಗೊಮ್ಮೆ ಬದಲಿಸುತ್ತ, ಸಾಧ್ಯವಾದರೆ ಪ್ರತಿಸಲ ಇನ್ನೊಂದು ಸೇರಿಸುತ್ತ ವರ್ಷದವರೆಗೆ ನಡೆಸುತ್ತಾರೆ. ಬದಲಿಸುವ ದಿನ ತಪ್ಪಿಸಬೇಡಿ. ಹಳೆಯ ಸ್ಟೆಂಟಿನಲ್ಲಿ ಕೆಸರು ಕಟ್ಟಿಕೊಂಡು ಅದೇ ಬಿರಡೆಯಾಗುತ್ತದೆ. ಬಾಯಿಯ ದಾರಿಯಿಂದ ತಂತಿ ಹೋಗದಿದ್ದರೆ ಪಕ್ಕೆಲುಬುಗಳ ನಡುವಿನಿಂದ ಲಿವರಿಗೇ ಪೈಪು ಹಾಕಿ ಹೊರಗೆ ಚೀಲ ಕಟ್ಟುತ್ತಾರೆ. ಎರಡೂ ಸೋತರೆ ಕರುಳಿನ ಒಂದು ಕುಣಿಕೆಯನ್ನು ಮೇಲೆ ತಂದು ನಾಳಕ್ಕೆ ಹೊಲಿಯುವ ಆಪರೇಷನ್.

ದೇಹ ಲಿವರನ್ನು ತಿರಸ್ಕರಿಸಿದರೆ ನನಗೆ ಗೊತ್ತಾಗುತ್ತಾ?

ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. ನೋವಿಲ್ಲ, ಎಷ್ಟೋ ಸಲ ಜ್ವರವೂ ಇಲ್ಲ. ಸಿಕ್ಕಿಬೀಳುವುದು ರಕ್ತ ಪರೀಕ್ಷೆಯಲ್ಲಿ, ಬಹುಪಾಲು ಮೊದಲ ಮೂರು ತಿಂಗಳಲ್ಲಿ. ಹೆದರಬೇಕಾದಷ್ಟು ದೊಡ್ಡದಲ್ಲ: ಬಯಾಪ್ಸಿಯಲ್ಲಿ ಖಚಿತವಾದರೆ ಮೀಥೈಲ್ ಪ್ರೆಡ್ನಿಸೊಲೋನ್ 500 ಮಿ.ಗ್ರಾಂ ಅಥವಾ 1 ಗ್ರಾಂ ಮೂರು ದಿನ ನರಕ್ಕೆ ಕೊಡುತ್ತಾರೆ, ಟ್ಯಾಕ್ರೋಲಿಮಸ್ (ತಿರಸ್ಕಾರ ತಡೆಯಲು ದಿನವೂ ನುಂಗುವ ಮಾತ್ರೆ) ಏರಿಸುತ್ತಾರೆ, ಹೆಚ್ಚಿನವು ತಗ್ಗುತ್ತವೆ. ಬಯಾಪ್ಸಿ ಯಾಕೆ, ನೇರ ಸ್ಟೀರಾಯ್ಡ್ ಕೊಡಬಾರದೇ ಎಂದು ಕೇಳುವವರಿದ್ದಾರೆ. ಪಿತ್ತನಾಳದ ಸೋಂಕಿನಲ್ಲೂ ರಿಪೋರ್ಟು ಹೀಗೇ ಏರುತ್ತದೆ, ಅಲ್ಲಿ ಸ್ಟೀರಾಯ್ಡ್ ಸುರಿದರೆ ಬೆಂಕಿಗೆ ತುಪ್ಪ.

ಟ್ಯಾಕ್ರೋಲಿಮಸ್ ವಿಷಯದಲ್ಲಿ ಜನ ಎಲ್ಲಿ ಎಡವುತ್ತಾರೆ?

ಹನ್ನೆರಡು ಗಂಟೆಗೊಮ್ಮೆ, ಒಂದೇ ಹೊತ್ತಿಗೆ, ಊಟಕ್ಕೆ ಹೊಂದಿಸಿದರೆ ಪ್ರತಿದಿನ ಹಾಗೇ. ಪರೀಕ್ಷೆಯ ದಿನ ಬೆಳಗಿನ ಡೋಸ್ ತೆಗೆದುಕೊಳ್ಳದೆ ರಕ್ತ ಕೊಟ್ಟು ಆಮೇಲೆ ನುಂಗಬೇಕು. ನುಂಗಿ ಹೋದರೆ ಅಂಕಿ ಸುಳ್ಳು ಬರುತ್ತದೆ, ಆ ಸುಳ್ಳನ್ನು ನಂಬಿ ಡೋಸ್ ಇಳಿಸಿದರೆ ತಿರಸ್ಕಾರ. ರಕ್ತದಲ್ಲಿ ಮಾತ್ರೆಯ ಮಟ್ಟವನ್ನು ಮೊದಲ ತಿಂಗಳುಗಳಲ್ಲಿ ಮಿ.ಲೀ.ಗೆ 8–10 ನ್ಯಾನೊಗ್ರಾಂ, ಆಮೇಲೆ 5–7ರ ಸುತ್ತ ಇಡುವುದು ರೂಢಿ. ನಿಮ್ಮ ಗುರಿ ಬೇರೆ ಇರಬಹುದು. ಕಂಪನಿ ಬದಲಾದರೆ ತಿಳಿಸಿ, ಮತ್ತೆ ಅಳೆಯಬೇಕಾಗುತ್ತದೆ. ದಿನಕ್ಕೊಮ್ಮೆಯದೂ ಎರಡು ಸಲದ್ದೂ ಅದಲುಬದಲು ಮಾಡುವಂಥದ್ದಲ್ಲ.

ಭೇದಿಯಾದರೆ ಮಾತ್ರೆಯೆಲ್ಲ ಹೊರಟುಹೋಯಿತು ಎಂದುಕೊಂಡು ಇನ್ನೊಂದು ನುಂಗುವವರಿದ್ದಾರೆ. ಆಗುವುದು ತದ್ವಿರುದ್ಧ: ಭೇದಿಯಲ್ಲಿ ಕರುಳಿನ ತಡೆ ಸಡಿಲಾಗಿ ರಕ್ತದಲ್ಲಿ ಮಟ್ಟ ಏರುತ್ತದೆ. ಕೈ ನಡುಕ, ತಲೆನೋವು, ನಿದ್ದೆ ಬಾರದಿರುವುದು ಮಟ್ಟ ಹೆಚ್ಚಾದ ಗುರುತು.

ಚಕ್ಕೋತ ಬೇಡ. ದೇವನಹಳ್ಳಿಯದಾದರೂ ಬೇಡ, ಒಂದು ತೊಳೆಯೂ ಬೇಡ. ಗ್ರೇಪ್‌ಫ್ರೂಟ್‌ನಂತೆ ಅದೂ ಮಾತ್ರೆ ಕರಗಿಸುವ ಕಿಣ್ವವನ್ನು ತಡೆಯುತ್ತದೆ. ಕಿತ್ತಳೆ, ಮೋಸಂಬಿಗೆ ಆ ತಕರಾರಿಲ್ಲ. ಎಳನೀರನ್ನು ದಿನವೂ ಕುಡಿಯುವ ಮುನ್ನ ಪೊಟ್ಯಾಸಿಯಂ ನೋಡಿಸಿ; ಈ ಮಾತ್ರೆ ಅದನ್ನು ಮೊದಲೇ ಏರಿಸಿರುತ್ತದೆ. ಅಮೃತಬಳ್ಳಿ ಕಷಾಯ ಖಂಡಿತ ಬೇಡ: ರೋಗನಿರೋಧಕ ಶಕ್ತಿ "ಹೆಚ್ಚಿಸುವುದು" ನಿಮಗೆ ಬೇಕಾದದ್ದೇ ಅಲ್ಲ, ಮೇಲಾಗಿ ಅದರಿಂದಲೇ ಲಿವರ್ ಊದಿಕೊಂಡ ಪ್ರಕರಣಗಳು ದಾಖಲಾಗಿವೆ.

ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಮಾತ್ರೆಗಳಲ್ಲಿ ಕ್ಲಾರಿತ್ರೊಮೈಸಿನ್, ಫ್ಲೂಕೊನಜೋಲ್, ಡಿಲ್ಟಿಯಾಜೆಮ್ ಮಟ್ಟ ಏರಿಸುತ್ತವೆ. ರಿಫಾಂಪಿಸಿನ್, ಫೆನಿಟಾಯಿನ್, ಕಾರ್ಬಮಜೆಪಿನ್ ಪಾತಾಳಕ್ಕೆ ಇಳಿಸುತ್ತವೆ. ಕ್ಷಯ ಬಂದರೆ ಚಿಕಿತ್ಸೆ ಜಟಿಲವಾಗುವುದು ಇದಕ್ಕೇ. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ, ಟ್ಯಾಕ್ರೋಲಿಮಸ್ ಜೊತೆ ಸೇರಿ ಕಿಡ್ನಿ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ದಿನಕ್ಕೆ 2 ಗ್ರಾಂ ಒಳಗೆ ನಡೆಯುತ್ತದೆ.

ಸೋಂಕು ಯಾವಾಗ ಹೆಚ್ಚು? ಮನೆಯಲ್ಲಿ ಹಸು, ತೋಟ ಇದೆ.

ಮೊದಲ ತಿಂಗಳು ಆಸ್ಪತ್ರೆಯ ಬ್ಯಾಕ್ಟೀರಿಯಾ, ಗಾಯ, ಪಿತ್ತ, ಶ್ವಾಸಕೋಶ. ಒಂದರಿಂದ ಆರು ತಿಂಗಳು ಸಿಎಂವಿ ವೈರಸ್, ಶಿಲೀಂಧ್ರ, ನ್ಯೂಮೊಸಿಸ್ಟಿಸ್ (ಶ್ವಾಸಕೋಶಕ್ಕೆ ಹತ್ತುವ ಒಂದು ಶಿಲೀಂಧ್ರ). ಕೋಟ್ರೈಮೊಕ್ಸಜೋಲ್, ವಾಲ್‌ಗ್ಯಾನ್‌ಸಿಕ್ಲೊವಿರ್ ಕೊಡುವುದು ಇವನ್ನು ತಡೆಯಲು. ಆರು ತಿಂಗಳ ನಂತರ ಊರವರಿಗೆಲ್ಲ ಬರುವ ಜ್ವರಗಳೇ, ನಿಮಗೆ ಸ್ವಲ್ಪ ಜೋರಾಗಿ.

ಕೊಟ್ಟಿಗೆ ಗುಡಿಸುವುದು, ಗೊಬ್ಬರದ ಗುಂಡಿ ಕೆದಕುವುದು, ಹಳೆಯ ಹುಲ್ಲಿನ ಮೆದೆ ಕೀಳುವುದು ಮೊದಲ ವರ್ಷ ಬೇರೆಯವರ ಪಾಲಿಗಿರಲಿ. ಧೂಳಿನಲ್ಲಿ ಶಿಲೀಂಧ್ರದ ಕಣಗಳಿರುತ್ತವೆ. ಪಾರಿವಾಳದ ಹಿಕ್ಕೆಯೂ ಹಾಗೇ. ಹಸಿ ಹಾಲು, ಹಸಿ ಮೊಳಕೆಕಾಳು, ರಸ್ತೆಬದಿಯ ಕಬ್ಬಿನ ಹಾಲು ಬೇಡ. ಕಾಯಿಸಿದ ಹಾಲಿನ ಮನೆಯ ತಾಜಾ ಮೊಸರು ಆಗಬಹುದು. ಜೀವಂತ ವೈರಸ್ ಇರುವ ಲಸಿಕೆ (ದಡಾರ, ಸೀತಾಳೆ ಸಿಡುಬು) ಕಸಿಯ ನಂತರ ಕೊಡಿಸುವಂತಿಲ್ಲ, ಬೇಕಿದ್ದರೆ ಮೊದಲೇ.

ರಕ್ತದ ಗುಂಪು ಹೊಂದದಿದ್ದರೂ ಮಾಡುತ್ತಾರಂತೆ?

ಮಾಡುತ್ತಾರೆ. ಎರಡು ಮೂರು ವಾರ ಮುಂಚೆ ರಿಟುಕ್ಸಿಮ್ಯಾಬ್ (ಪ್ರತಿಕಾಯ ಹುಟ್ಟುವುದನ್ನು ತಗ್ಗಿಸುವ ಔಷಧ), ಆಮೇಲೆ ಪ್ಲಾಸ್ಮಾ ಬದಲಾವಣೆ ಮಾಡಿ ಪ್ರತಿಕಾಯ ಇಳಿಸಿ ಕಸಿ. ಬೆಲೆ ತೆರಬೇಕಾದದ್ದು ಸೋಂಕು ಮತ್ತು ಪಿತ್ತನಾಳದಲ್ಲಿ. ಲಿವರಿನೊಳಗಿನ ಸಣ್ಣ ನಾಳಗಳೆಲ್ಲ ಅಲ್ಲಲ್ಲಿ ಬಿಗಿದುಕೊಂಡರೆ ಸ್ಟೆಂಟಿನಿಂದ ಆಗದು. ಇದೇ ತೊಂದರೆ ಇರುವ ಇನ್ನೊಂದು ಕುಟುಂಬ ಸಿಕ್ಕಿದರೆ ದಾನಿಗಳ ವಿನಿಮಯಕ್ಕೆ ಅಂಗಾಂಗ ಕಸಿ ಕಾನೂನಿನ 2011ರ ತಿದ್ದುಪಡಿ ಅವಕಾಶ ಕೊಟ್ಟಿದೆ. ನಮ್ಮ ಮಟ್ಟಿಗೆ ಅದನ್ನು ಮೊದಲು ಹುಡುಕುವುದು ಒಳ್ಳೆಯದು.

ಹಳೆಯ ಕಾಯಿಲೆ ಹೊಸ ಲಿವರಿಗೂ ಬರುತ್ತಾ?

ಕಾಯಿಲೆಯ ಮೇಲೆ ಹೋಗುತ್ತದೆ. ಹೆಪಟೈಟಿಸ್ ಬಿ ಇದ್ದರೆ ಎಂಟೆಕಾವಿರ್ ಅಥವಾ ಟೆನೊಫೊವಿರ್ ಬಿಡದೆ ನುಂಗಬೇಕು, ಬಿಟ್ಟರೆ ಮರಳುತ್ತದೆ. ಸಿ ಈಗ ಮಾತ್ರೆಯಲ್ಲೇ ಗುಣವಾಗುತ್ತದೆ. ಕೊಬ್ಬಿನ ಲಿವರ್ ತೂಕ, ಸಕ್ಕರೆ ಏರಿದರೆ ಮರಳುತ್ತದೆ, ಸ್ಟೀರಾಯ್ಡ್ ಅದಕ್ಕೆ ನೆರವಾಗುತ್ತದೆ. ಕ್ಯಾನ್ಸರ್ ಒಂದೇ ಗಡ್ಡೆ 5 ಸೆಂ.ಮೀ. ಒಳಗೆ, ಅಥವಾ ಮೂರರವರೆಗೆ ತಲಾ 3 ಸೆಂ.ಮೀ. ಒಳಗಿದ್ದರೆ ಮರಳುವ ಸಂಭವ ಕಡಿಮೆ. ಕುಡಿತಕ್ಕೆ ಲಿವರ್ ಹೋದವರು ಮತ್ತೆ ಕುಡಿದರೆ ಹೋಗುವುದು ಮನೆಯವರೊಬ್ಬರ ಮೈಯಿಂದ ಬಂದ ತುಂಡು. ಆ ಮಾತನ್ನು ನಾವು ಕಸಿಗೆ ಮುಂಚೆಯೇ ಆಡುತ್ತೇವೆ.

ಆಸ್ಪತ್ರೆಯಿಂದ ಇನ್ನೂರು ಮುನ್ನೂರು ಕಿ.ಮೀ. ದೂರ ಇರುತ್ತೇವೆ. ಯಾವುದಕ್ಕೆ ಓಡಿ ಬರಬೇಕು?

ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಮುಟ್ಟಿದರೆ, ನಡುಕದ ಚಳಿ ಬಂದರೆ, ಕಣ್ಣು ಹಳದಿಯಾದರೆ, ಮಲ ಕಪ್ಪಾದರೆ ಅಥವಾ ರಕ್ತ ವಾಂತಿಯಾದರೆ, ವಾಂತಿಯಿಂದ ಎರಡು ಡೋಸ್ ಮಾತ್ರೆ ನಿಲ್ಲದಿದ್ದರೆ, ಮಾತು ತಡವರಿಸಿದರೆ, ಮೂತ್ರ ತೀರಾ ಇಳಿದರೆ ಅದೇ ದಿನ. ಮೊದಲ ಮೂರು ತಿಂಗಳೊಳಗೆ ಮೈಮೇಲೆ ಗುಳ್ಳೆ, ಭೇದಿ, ಜೊತೆಗೆ ಬಿಳಿ ರಕ್ತಕಣ ಕುಸಿದು ಲಿವರ್ ರಿಪೋರ್ಟು ಮಾತ್ರ ಚೆನ್ನಾಗಿದ್ದರೆ ಇನ್ನೂ ಅವಸರ. ಹತ್ತಿರದ ಬಂಧುವಿನ ಲಿವರ್ ಜೊತೆ ಬಂದ ರಕ್ಷಕ ಕೋಶಗಳೇ ರೋಗಿಯ ಮೈಮೇಲೆ ಬಿದ್ದಿರಬಹುದು. ಅಪರೂಪ, ಆದರೆ ಬಂದರೆ ಉಳಿಯುವವರು ಕಡಿಮೆ.

ಊರಿನ ಡಾಕ್ಟರಿಗೆ ತೋರಿಸುವುದು ತಪ್ಪಲ್ಲ, ಬರಿಗೈಯಲ್ಲಿ ಹೋಗುವುದು ತಪ್ಪು. ಡಿಸ್ಚಾರ್ಜ್ ಸಾರಾಂಶ, ಪಿತ್ತನಾಳ ಎಷ್ಟು ಹೊಲಿಗೆ ಎಂಬ ಆಪರೇಷನ್ ಟಿಪ್ಪಣಿ, ಸ್ಟೆಂಟ್ ಹಾಕಿದ ದಿನಾಂಕ, ಕೊನೆಯ ಐದಾರು ರಿಪೋರ್ಟುಗಳ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಸಾಲಾಗಿ ಬರೆದದ್ದು, ಇಷ್ಟು ಒಂದು ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಇರಲಿ. ಎಎಲ್‌ಟಿ 70 ಎಂಬ ಒಂದು ಅಂಕಿಯಿಂದ ಏನೂ ತಿಳಿಯದು. 25, 38, 70 ಎಂಬ ಸಾಲು ನೋಡಿದರೆ ಫೋನಿನಲ್ಲೇ "ಹೊರಟು ಬನ್ನಿ" ಎನ್ನಬಹುದು. ಹೊರಡುವಾಗ ಎರಡು ದಿನದ ಮಾತ್ರೆ ಕೈಚೀಲದಲ್ಲೇ ಇಟ್ಟುಕೊಳ್ಳಿ, ಬಸ್ಸಿನ ಡಿಕ್ಕಿಯಲ್ಲಿ ಹಾಕುವ ಪೆಟ್ಟಿಗೆಯಲ್ಲಲ್ಲ.